ಯಜಮಾನನ ಮೊದಲ ಲೋಟ

ಗ್ವಾಲ್ತಿಯೆರೊ ಯಜಮಾನರು ಲೋಟ ಬರಿದು ಮಾಡಿ, ಮೀಸೆಗೆ ಅಂಟಿದ ಎಣ್ಣೆಯನ್ನು ಅಂಗೈಯಿಂದ ಒರೆಸಿಕೊಂಡು ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಕೊನೆ. ಅರ್ಧ ಗಂಟೆಯೊಳಗೆ ಅದೇ ಮೇಜಿನ ಪಕ್ಕ, ಹಿಪ್ಪುನೇರಳೆ ಮರದ ಕೆಳಗೆ, ಬೆವೆತು ಜೊಲ್ಲು ಸುರಿಸಿ ಪ್ರಾಣ ಬಿಟ್ಟಿದ್ದರು. ಅದೇ ಬುಡ್ಡಿಯ ವೈನನ್ನು ಮೇಜಿನ ಸುತ್ತ ಕೂತಿದ್ದ ನಾವೆಲ್ಲರೂ ಕುಡಿದಿದ್ದೆವು. ನಮಗೆ ಯಾರಿಗೂ ಏನೂ ಆಗಿರಲಿಲ್ಲ.

ಅದು ಎಪ್ಪತ್ತೆಂಟನೆಯ ಇಸವಿಯ ಅಕ್ಟೋಬರ್. ನಾನು, ಅಂದರೆ ಚಮ್ಮಾರರ ಮಗ ಬಾಲ್ದೊ, ನಮ್ಮೂರು ಮೊಂತೆಗ್ರಾನಕ್ಕೆ ಬರುವ ಪ್ರವಾಸಿಗಳನ್ನು ನನ್ನ ಹಳೆಯ ವ್ಯಾನಿನಲ್ಲಿ ಸುತ್ತಾಡಿಸಿ ಹೊಟ್ಟೆ ಹೊರೆಯುತ್ತಿದ್ದೆ. ಬೆಳಗ್ಗೆ ಇಗರ್ಜಿ ಮತ್ತು ಗೋಪುರ, ಮಧ್ಯಾಹ್ನ ಯಾವುದಾದರೊಂದು ತೋಟದಲ್ಲಿ ಊಟ, ವೈನು. ಅವತ್ತು ಹಾಲೆಂಡಿನ ಗಂಡಹೆಂಡತಿ ಇಬ್ಬರು ಬಂದಿದ್ದರು. ಅವರ ಭಾಷೆ ಬಲ್ಲವರೆಂದರೆ ನಮ್ಮೂರಲ್ಲಿ ಡಾಕ್ಟರಮ್ಮ ಎರ್ಸಿಲಿಯಾ ಒಬ್ಬರೇ, ಹಾಗಾಗಿ ಅವರನ್ನೂ ಕೂಡಿಸಿಕೊಂಡಿದ್ದೆ.

ಡಾಕ್ಟರಮ್ಮ ನಲವತ್ತು ವರ್ಷ ಈ ಗುಡ್ಡಗಳ ದನಕರುಗಳಿಗೆ ಮದ್ದು ಮಾಡಿ, ನಾಲ್ಕು ವರ್ಷದ ಕೆಳಗೆ ಕೆಲಸ ಬಿಟ್ಟವರು. ಊರಲ್ಲಿ ಏನು ಕಳೆದರೂ, ಯಾರು ಕಾಣೆಯಾದರೂ, ಜನ ಠಾಣೆಗಿಂತ ಮೊದಲು ಅವರ ಬಾಗಿಲು ಬಡಿಯುತ್ತಿದ್ದರು. ಅದರ ಗುಟ್ಟೇನು ಅಂತ ಒಮ್ಮೆ ಕೇಳಿದ್ದೆ. "ದನಕ್ಕೆ ಮಾತು ಬರಲ್ಲ, ಮನುಷ್ಯನಿಗೆ ನಿಜ ಬರಲ್ಲ," ಅಂದಿದ್ದರು. "ಇಬ್ಬರನ್ನೂ ಸುಮ್ನೆ ನೋಡ್ತಾ ಕೂರಬೇಕು ಕಣೋ."

ಬೆಳಗಿನಿಂದಲೇ ಆ ದಿನ ನನಗೆ ಸರಿಬರಲಿಲ್ಲ. ಗಾಳಿ ಇರಲಿಲ್ಲ. ಎಲ್ಲಿ ನೋಡಿದರೂ ಕಣಜಗಳು. ದ್ರಾಕ್ಷಿ ಕೊಯ್ಲಿನ ಕಾಲದಲ್ಲಿ ಕಣಜ ಇರುವುದೇ, ಆದರೆ ಅವತ್ತು ಇಗರ್ಜಿಯ ಒಳಗೂ ಗುಂಯ್‌ಗುಡುತ್ತಿದ್ದವು. ಅಲ್ಲಿನ ಗೋಡೆಯಲ್ಲಿ ನರಕದ ಚಿತ್ರವಿದೆ. ವೈನಿಗೆ ನೀರು ಬೆರೆಸಿದವನೊಬ್ಬನ ಬಾಯಿಗೆ ದೆವ್ವಗಳು ಆಲಿಕೆ ಇಟ್ಟು ಕುದಿಯುವುದನ್ನು ಹೊಯ್ಯುತ್ತಿವೆ. ಹಾಲೆಂಡಿನ ಹೆಂಗಸು ಅದರ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ಊಟಕ್ಕೆ ಹೋಗಲೇಬೇಕೇ ಅಂತ ಗಂಡನನ್ನು ಕೇಳಿದಳಂತೆ, ಡಾಕ್ಟರಮ್ಮ ನಗುತ್ತಾ ನನಗೆ ಹೇಳಿದರು.

ಗ್ವಾಲ್ತಿಯೆರೊ ಅವರ ತೋಟದ ತಿರುವಿನಲ್ಲಿ ಹಳದಿ ಬಣ್ಣದ ಬುಲ್‌ಡೋಜರ್ ನಿಂತಿತ್ತು. ಹಳೆಯ ಬಳ್ಳಿಗಳನ್ನೆಲ್ಲ ಬುಡಸಮೇತ ಕಿತ್ತು, ಯಂತ್ರ ಓಡಾಡುವಂತೆ ಹೊಸ ಸಾಲು ನೆಡುವುದು ಯಜಮಾನರ ಹಟ. ಸೋಮವಾರ ಕೆಲಸ ಶುರು ಅಂತ ಊರಿಗೆಲ್ಲ ಗೊತ್ತಿತ್ತು. ಯಂತ್ರದ ಎದುರಿಗೆ ತೋಟದ ಮೇಸ್ತ್ರಿ ಲಾಂಡೊ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ನಾನು ಹಾರ್ನ್ ಬಾರಿಸಿದೆ. ಮೂವತ್ತು ವರ್ಷದ ಪರಿಚಯದವನು, ತಿರುಗಿಯೂ ನೋಡಲಿಲ್ಲ.

ಮನೆಯಂಗಳಕ್ಕೆ ಕಾಲಿಡುವಾಗಲೇ ಅಡುಗೆಮನೆಯಿಂದ ಜಗಳ ಕೇಳಿತು. "ನಿಮ್ಮ ಹಟಕ್ಕೇ ನೆಲ್ಲೊ ಮನೆ ಬಿಟ್ಟು ಹೋದ. ನಿಮಗೆ ಒಳ್ಳೇದಾಗಲ್ಲ," ಅನ್ನುತ್ತಿದ್ದಳು ಮಿರೆಲ್ಲ. ಅವಳು ಯಜಮಾನರ ಸೊಸೆ, ಅವರ ಮಗ ನೆಲ್ಲೊನ ಹೆಂಡತಿ. ನೆಲ್ಲೊ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಅಪ್ಪನ ಮೇಲೆ ಮುನಿಸಿಕೊಂಡು ದೂರದ ತ್ರಿಯೆಸ್ತೆಗೆ ಹೋಗಿ, ಅಲ್ಲಿ ಹಡಗುಕಟ್ಟೆಯ ಕೆಲಸ ಹಿಡಿದು, ಅಲ್ಲಿಯವಳನ್ನೇ ಮದುವೆಯಾಗಿ, ಆ ವಸಂತದಲ್ಲಿ ಜ್ವರಕ್ಕೆ ಸತ್ತ. ಸಾಯುವ ಮೊದಲು ನನಗೊಂದು ಕಾಗದ ಬರೆದಿದ್ದ: ಮಿರೆಲ್ಲ ನಮ್ಮೂರಿಗೆ ಬಂದರೆ ಅವಳಿಗೆ ಯಾರೂ ಇಲ್ಲ, ನೀನಿರು ಅಂತ. ಅವಳು ಬಂದು ಎರಡು ತಿಂಗಳಾಗಿತ್ತು. ಆ ಕಾಗದ ನನ್ನ ವ್ಯಾನಿನ ಪೆಟ್ಟಿಗೆಯಲ್ಲೇ ಇತ್ತು.

ಮೇಜಿಗೆ ಏಳು ಜನ ಕೂತೆವು. ತಲೆಯ ಕಡೆ ಯಜಮಾನರು. ಅವರ ಒಂದು ಪಕ್ಕ ಹಾಲೆಂಡಿನ ದಂಪತಿ, ಇನ್ನೊಂದು ಪಕ್ಕ ಫ್ಲಾರೆನ್ಸಿನಿಂದ ಬಂದಿದ್ದ ಅಣ್ಣನ ಮಗ ತಾಂಕ್ರೇದಿ. ವಿಮಾ ಕಚೇರಿಯ ಗುಮಾಸ್ತ, ಬೆಳಗ್ಗೆಯೇ ನೆಲಮಾಳಿಗೆಗೆ ಇಳಿದು ರುಚಿ ನೋಡಿ ಬಂದಿದ್ದ, ಮೂಗು ಕೆಂಪಗಾಗಿತ್ತು. ಕೆಳಗಿನ ತುದಿಯಲ್ಲಿ ಲಾಂಡೊ, ಅವನ ಪಕ್ಕ ಡಾಕ್ಟರಮ್ಮ, ಎದುರಿಗೆ ನಾನು. ಮಿರೆಲ್ಲ ಬಡಿಸುತ್ತಿದ್ದಳು. ಲೋಟಗಳನ್ನಿಟ್ಟವಳೂ ಅವಳೇ. ಹಾಲೆಂಡಿನ ಹೆಂಗಸಿನ ಲೋಟದ ಅಂಚು ಮುಕ್ಕಾಗಿದ್ದನ್ನು ನೋಡಿ ಯಜಮಾನರು, "ಸೊಸೆಗೆ ಕಣ್ಣು ಮಂಜು," ಎಂದು ಗೊಣಗಿ ತಮ್ಮ ಲೋಟವನ್ನು ಅವಳಿಗೆ ಕೊಟ್ಟು ಮುಕ್ಕು ಲೋಟವನ್ನು ತಾವಿಟ್ಟುಕೊಂಡರು.

ಬೆಳ್ಳುಳ್ಳಿ ಉಜ್ಜಿದ ಸುಟ್ಟ ಬ್ರೆಡ್ಡು ಬಂತು. ಮಿರೆಲ್ಲ ನೆಲಮಾಳಿಗೆಯಿಂದ ಬುಡ್ಡಿ ತಂದಳು. ನಮ್ಮಲ್ಲಿ ಮನೆಬಳಕೆಯ ವೈನನ್ನು ಹುಲ್ಲು ಹೆಣೆದ ಬುಡ್ಡಿಗೆ ತುಂಬಿ, ಗಾಳಿ ತಾಗದಿರಲೆಂದು ಮೇಲೆ ಎರಡು ಬೆರಳು ಆಲಿವ್ ಎಣ್ಣೆ ಹೊಯ್ದು, ಬಾಯಿಗೆ ಕಾಗದ ಸುತ್ತಿ ನಾರಿನಿಂದ ಕಟ್ಟಿಡುತ್ತಾರೆ. ಅವಳು ಆ ನಾರನ್ನು ಬಿಚ್ಚಲು ಹೋಗಿ ಉಗುರು ಮುರಿದುಕೊಂಡಳು. ನಾನು ಚಾಕುವಿನಿಂದ ಕತ್ತರಿಸಿಕೊಟ್ಟೆ. ಕಸ ಕಂಡರೆ ಪ್ರವಾಸಿಗಳು ಮುಖ ಸಿಂಡರಿಸುತ್ತಾರೆಂದು ಜೇಬಿಗೆ ಹಾಕಿಕೊಳ್ಳುವುದು ನನ್ನ ಚಟ. ಆ ನಾರೂ ಜೇಬಿಗೆ ಹೋಯಿತು.

"ನಂಗೆ ಮೊದ್ಲು ಹಾಕು ಮಿರೆಲ್ಲ, ಗಂಟಲು ಒಣಗಿ ಹೋಗಿದೆ," ಎಂದು ತಾಂಕ್ರೇದಿ ಲೋಟ ಚಾಚಿದ. ಅವಳು ಕೇಳದವಳಂತೆ ಹತ್ತಿರವಿದ್ದ ಲಾಂಡೊನ ಲೋಟಕ್ಕೆ ಬುಡ್ಡಿ ಬಾಗಿಸಿದಳು. ಲಾಂಡೊ ಲೋಟದ ಮೇಲೆ ಅಂಗೈ ಮುಚ್ಚಿದ. "ನನಗೆ ಬೇಡ ಮಗಳೇ, ಹೊಟ್ಟೆ ಸರಿಯಿಲ್ಲ." ಅವಳು ಡಾಕ್ಟರಮ್ಮನ ಲೋಟದ ಕಡೆ ತಿರುಗಿದಳು. ಆಗ ಯಜಮಾನರು ಎದ್ದು ಬಂದು ಅವಳ ಕೈಯಿಂದ ಬುಡ್ಡಿ ಕಿತ್ತುಕೊಂಡರು.

"ನಿಮ್ಮೂರಲ್ಲಿ ಇದನ್ನೂ ಹೇಳಿಕೊಟ್ಟಿಲ್ವಾ? ಮೊದಲನೇದು ಮನೆ ಯಜಮಾನಂದು. ಎಣ್ಣೆಪಣ್ಣೆ ಏನಿದ್ರೂ ಅವನ ಹೊಟ್ಟೆಗೆ, ಅತಿಥಿ ಹೊಟ್ಟೆಗಲ್ಲ."

ಹಾಗೆಂದು ತಮ್ಮ ಲೋಟಕ್ಕೆ ಬಗ್ಗಿಸಿಕೊಂಡರು. ಬೇರೆ ಮನೆಗಳಲ್ಲಿ ಬುಡ್ಡಿಯನ್ನು ಒಮ್ಮೆ ಜಾಡಿಸಿ ಎಣ್ಣೆಯನ್ನು ನೆಲಕ್ಕೆ ಚಿಮ್ಮಿಸುತ್ತಾರೆ. ಗ್ವಾಲ್ತಿಯೆರೊ ಹಾಗೆ ಮಾಡಿದವರಲ್ಲ. ಎಣ್ಣೆಯೂ ದೇವರು ಕೊಟ್ಟಿದ್ದೇ ಅಂತ ಎಣ್ಣೆ ಸಮೇತ ಕುಡಿಯುವುದು, ಮೀಸೆ ಒರೆಸಿಕೊಳ್ಳುವುದು, ನಗುವುದು, ಇದು ನಾನು ಚಿಕ್ಕಂದಿನಿಂದ ಕಂಡ ಅವರ ಆಟ. ಆಮೇಲೆ ನಮಗೆಲ್ಲ ಬಗ್ಗಿಸಿದರು. ಲಾಂಡೊ ಕೂಡ ಎರಡು ಲೋಟ ಕುಡಿದ.

ಅವರು ಕುಸಿದಾಗ ಡಾಕ್ಟರಮ್ಮ ಮೊದಲು ಅವರ ಕಣ್ಣು ಬಿಡಿಸಿ ನೋಡಿದರು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಮದ್ದು ಹೊಡೆದ ಬಳ್ಳಿ ಮೇಯ್ದ ದನಗಳಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದರಂತೆ. ನಮ್ಮೆಲ್ಲರಿಗೂ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದರು. ನಾನು ಬೇಡವೆಂದರೂ ಬಿಡದೆ ಕರುವಿಗೆ ಕುಡಿಸಿದ ಹಾಗೆ ಮೂಗು ಹಿಡಿದು ಕುಡಿಸಿದರು. ಯಜಮಾನರನ್ನು ಮಾತ್ರ ಉಳಿಸಿಕೊಳ್ಳಲಾಗಲಿಲ್ಲ. "ಇದಕ್ಕೆ ಸೂಜಿಮದ್ದು ನನ್ನ ಚೀಲದಲ್ಲಿ ಯಾವಾಗ್ಲೂ ಇರ್ತಿತ್ತು ಬಾಲ್ದೊ. ಚೀಲ ಕೊಟ್ಟು ನಾಲ್ಕು ವರ್ಷ ಆಯ್ತು," ಎಂದರು. ಅವರ ಕಣ್ಣಲ್ಲಿ ನೀರು ಕಂಡಿದ್ದು ನನಗೆ ಅದೇ ಮೊದಲು.

ಮೂರು ಗಂಟೆಗೆ ಠಾಣಾಧಿಕಾರಿ ಕುಸುಮಾನೊ ಬಂದ. ಸಿಸಿಲಿಯವನು, ನಮ್ಮ ಠಾಣೆಗೆ ಹೊಸಬ, ಕೆಟ್ಟವನಲ್ಲ, ಆದರೆ ಅವಸರದವನು. ಎಲ್ಲರನ್ನೂ ಒಂದೊಂದು ಮಾತು ಕೇಳಿದ. ಬುಡ್ಡಿ ಒಂದೇ, ಕುಡಿದವರು ಏಳು ಮಂದಿ, ಸತ್ತವನು ಒಬ್ಬ. ಹಾಗಾದರೆ ವಿಷ ಇದ್ದದ್ದು ಲೋಟದಲ್ಲಿ. ಲೋಟ ಇಟ್ಟವಳು ಮಿರೆಲ್ಲ. ಊಟಕ್ಕೆ ಮೊದಲು ಮಾವನಿಗೆ ಶಾಪ ಹಾಕಿದವಳೂ ಮಿರೆಲ್ಲ. ಬಳ್ಳಿಗೆ ಹೊಡೆಯುವ ಮದ್ದಿನ ಡಬ್ಬ ಬಾಗಿಲಿಲ್ಲದ ಕೊಟ್ಟಿಗೆಯಲ್ಲಿತ್ತು, ಯಾರು ಬೇಕಾದರೂ ತೆಗೆಯಬಹುದಿತ್ತು. ಐದು ಗಂಟೆಗೆ ಅವಳನ್ನು ಸಿಯೆನಾದ ಜೈಲಿಗೆ ಕಳಿಸುತ್ತೇನೆ ಎಂದ.

ಮಿರೆಲ್ಲ ಅಳಲಿಲ್ಲ. ಒಳಗೆ ಹೋಗಿ ನೆಲ್ಲೊನ ಹಳೆಯ ಕೋಟು ಹಾಕಿಕೊಂಡು ಬಂದು ಮೆಟ್ಟಿಲ ಮೇಲೆ ಕೂತಳು. ನಾನು ಡಾಕ್ಟರಮ್ಮನ ಬಳಿ ಹೋಗಿ, ಏನಾದರೂ ಮಾಡಿ, ನೆಲ್ಲೊಗೆ ನಾನು ಏನಂತ ಉತ್ತರ ಹೇಳಲಿ ಅಂದೆ. ಅವರು ಮೇಜಿನ ಮೇಲೆ ಬಗ್ಗಿ ಲೋಟಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಯಾರೂ ಏನನ್ನೂ ಮುಟ್ಟಬಾರದೆಂದು ಮೊದಲೇ ಹೇಳಿದ್ದರು.

"ನಿನ್ನ ಜೇಬಲ್ಲಿ ಏನಿದೆ ತೆಗಿ," ಎಂದರು.

ಬೀಡಾಡಿ ಜೇಬು ನನ್ನದು. ಎರಡು ಟಿಕೆಟು, ಮಿಠಾಯಿ ಕಾಗದ, ಆ ನಾರಿನ ತುಂಡು. ನಾರನ್ನು ಮಾತ್ರ ತೆಗೆದುಕೊಂಡು ನೆಲಮಾಳಿಗೆಗೆ ಇಳಿದರು. ಹಿಂದೆಯೇ ನಾನೂ ಇಳಿದೆ. ಗೂಡಿನಲ್ಲಿ ಇನ್ನೂ ಮೂರು ಬುಡ್ಡಿ ಇದ್ದವು, ಮೂರರ ಬಾಯಿಗೂ ಕಾಗದ, ನಾರು, ಮಿಠಾಯಿ ಪೆಟ್ಟಿಗೆಗೆ ಕಟ್ಟಿದ ಹಾಗೆ ಎರಡು ಕಿವಿಯ ಗಂಟು. ಒಂದನ್ನು ಬಿಚ್ಚಲು ನನಗೆ ಹೇಳಿದರು. ಕಿವಿ ಹಿಡಿದು ಎಳೆದೆ, ಬಿಚ್ಚಿಕೊಂಡಿತು. ಡಾಕ್ಟರಮ್ಮ ನಾರಿನ ತುಂಡನ್ನು ಹುಷಾರಾಗಿ ಹಿಡಿದು ಮೇಲಕ್ಕೆ ಹತ್ತಿದರು.

ನಾಲ್ಕೂವರೆಗೆ ಎಲ್ಲರನ್ನೂ ಮತ್ತೆ ಅದೇ ಮೇಜಿಗೆ, ಅವರವರ ಜಾಗದಲ್ಲೇ ಕೂರಿಸಿದರು. ತಲೆಯ ಕಡೆಯ ಕುರ್ಚಿ ಖಾಲಿ. ಕುಸುಮಾನೊ ಗಡಿಯಾರ ನೋಡುತ್ತಾ ನಿಂತಿದ್ದ.

"ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಹಾಗಾಯ್ತು ಸಾಹೇಬ್ರೇ ನಿಮ್ಮ ಲೆಕ್ಕ," ಎಂದರು ಡಾಕ್ಟರಮ್ಮ. "ಎತ್ತುಗಳ ವಿಷಯ ನನಗೆ ಸ್ವಲ್ಪ ಗೊತ್ತು. ಲೋಟದಲ್ಲೇ ವಿಷ ಇತ್ತು ಅಂತೀರಲ್ಲ, ಮಿರೆಲ್ಲ ಯಜಮಾನರಿಗೆ ಇಟ್ಟ ಲೋಟ ಯಾವುದು?"

ಹಾಲೆಂಡಿನ ಹೆಂಗಸಿನ ಮುಂದಿದ್ದ ಲೋಟವನ್ನು ತೋರಿಸಿದರು. ಮುಕ್ಕು ಲೋಟವನ್ನು ಯಜಮಾನರು ತಾವಾಗಿಯೇ ಬದಲಾಯಿಸಿಕೊಂಡದ್ದನ್ನು ನಾವೆಲ್ಲ ಕಂಡಿದ್ದೆವು. ವಿಷ ಬಳಿದ ಲೋಟ ಹಾಗೆ ಕೈ ಬದಲಾಗಿದ್ದರೆ ಸಾಯಬೇಕಾಗಿದ್ದವಳು ಆ ಹೆಂಗಸು. ಅವಳಿಗೆ ಇದನ್ನು ಅವರದೇ ಭಾಷೆಯಲ್ಲಿ ಹೇಳಿದಾಗ ಗಂಡನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಹಾಗಾದ್ರೆ ವೈನಿನಲ್ಲಿತ್ತಾ? ಅದಕ್ಕೆ ಕಣಜಗಳನ್ನ ಕೇಳಿ. ಬಾಲ್ದೊನ ಲೋಟದ ತಳದಲ್ಲಿ ಎರಡು ಬಿದ್ದಿವೆ, ಕುಡಿದು ತೂರಾಡ್ತಾ ಇವೆ, ಅವನ ಹಾಗೇ. ನನ್ನ ಲೋಟದಲ್ಲಿ ಒಂದು, ಅದಕ್ಕೂ ಜೀವ ಇದೆ. ಯಜಮಾನರ ಲೋಟದಲ್ಲಿ ಐದು, ಐದೂ ಸತ್ತಿವೆ. ಬುಡ್ಡಿ ನೋಡಿ. ಹೊಟ್ಟೆಯೊಳಗಿನ ವೈನಿನಲ್ಲಿ ಬಿದ್ದ ಕಣಜ ಈಜ್ತಾ ಇದೆ. ಕತ್ತಿನ ಅಂಚಿಗೆ ಕೂತಿದ್ದು ಮಾತ್ರ ಸತ್ತು ಅಂಟಿಕೊಂಡಿದೆ. ಕತ್ತಿನಲ್ಲಿ ಅಂಟಿರೋದು ಏನು?"

"ಎಣ್ಣೆ," ಎಂದೆ ನಾನು.

ಕುಸುಮಾನೊಗೆ ಅರ್ಥವಾಗಲಿಲ್ಲ. ವೈನಿಗೆ ಎಣ್ಣೆ ಯಾಕೆ ಹಾಕುತ್ತೀರಿ ಎಂದು ಕೇಳಿದ. ಡಾಕ್ಟರಮ್ಮ ತಾಳ್ಮೆಯಿಂದ ವಿವರಿಸಿದರು. ಬಳ್ಳಿಯ ಮದ್ದು ಎಣ್ಣೆಯಲ್ಲಿ ಕರಗಿ ನಿಲ್ಲುವಂಥದ್ದು, ಕೆಳಗಿನ ವೈನಿಗೆ ಇಳಿದಿರಲಿಲ್ಲ. ಮೇಲಿನ ಆ ಎರಡು ಬೆರಳು ಎಣ್ಣೆ ಯಾರ ಲೋಟಕ್ಕೆ ಬೀಳುತ್ತದೋ ಅವನಿಗೇ ಸಾವು. ಈ ಮನೆಯಲ್ಲಿ ಅದು ಒಬ್ಬನ ಲೋಟಕ್ಕೇ ಬೀಳುವುದು, ಅವನು ಅದನ್ನು ಚೆಲ್ಲದೆ ಕುಡಿಯುವವನು. ಯಾವ ದಿನ, ಯಾವ ಅತಿಥಿ ಬಂದರೂ ಸರಿ, ಕೊಂದವನು ಪಕ್ಕದಲ್ಲಿ ಕೂತು ಉಣ್ಣಬಹುದು.

"ಈ ಪದ್ಧತಿ ಗೊತ್ತಿಲ್ಲದವಳು ಈ ಮನೆಯಲ್ಲಿ ಮಿರೆಲ್ಲ ಒಬ್ಬಳೇ. ಎಣ್ಣೆ ಹೊಯ್ಯೋದು ಕಲಿತಿದ್ದಳು, ಮೊದಲ ಲೋಟ ಯಾರದು ಅನ್ನೋದು ಕಲಿತಿರಲಿಲ್ಲ, ಅತಿಥಿಗಳಿಗೆ ಬುಡ್ಡಿ ತಂದಿದ್ದು ಇವತ್ತೇ ಮೊದಲು. ಅವಳೇ ವಿಷ ಹಾಕಿದ್ರೆ ಬುಡ್ಡೀನ ಮಾವನ ಮುಂದೆ ಇಟ್ಟು ಸುಮ್ನಾಗ್ತಿದ್ಲು, ಎಲ್ಲರ ಲೋಟಕ್ಕೂ ಬಾಗಿಸ್ತಾ ಬರ್ತಿರಲಿಲ್ಲ. ತಾಂಕ್ರೇದಿಯಂತೂ ಆ ಮೊದಲ ಹನಿಗೇ ಲೋಟ ಚಾಚಿದ. ಅವನ ದಾಹವೇ ಅವನ ಸಾಕ್ಷಿ."

ತಾಂಕ್ರೇದಿ ಬಿಳಿಚಿಕೊಂಡು ಶಿಲುಬೆಯ ಗುರುತು ಹಾಕಿಕೊಂಡ. ಅವನ ಮೂಗಿನ ಕೆಂಪು ಕೂಡ ಇಳಿದಿತ್ತು.

ಡಾಕ್ಟರಮ್ಮ ನಾರಿನ ತುಂಡನ್ನು ಮೇಜಿನ ಮೇಲಿಟ್ಟರು. ನಾನು ಕತ್ತರಿಸಿದ್ದು ಒಂದು ಕಡೆ ಮಾತ್ರ. ಉಳಿದದ್ದು ಸುತ್ತಿದ ಹಾಗೆಯೇ ಇತ್ತು.

"ಗುರುವಾರ ತಾನು ನಾಲ್ಕು ಬುಡ್ಡಿ ತುಂಬಿ ಬಾಯಿ ಕಟ್ಟಿದೆ ಅಂತ ಮಿರೆಲ್ಲನೇ ಹೇಳಿದಳು. ಮೂರಕ್ಕೆ ಅವಳದೇ ಎರಡು ಕಿವಿಯ ಗಂಟು. ಇದಕ್ಕೆ ಮಾತ್ರ ಗಂಟೇ ಇಲ್ಲ. ಎರಡು ಸುತ್ತು, ಒಂದು ಹುರಿ, ತುದಿ ಒಳಗೆ ತುರುಕಿದೆ. ಅಂದ್ರೆ ಯಾರೋ ಬಿಚ್ಚಿ, ಎಣ್ಣೆ ಬದಲಾಯಿಸಿ, ಮತ್ತೆ ಕಟ್ಟಿದ್ದಾರೆ. ಕಟ್ಟುವಾಗ ಅವರ ತಲೆ ಬೇರೆಲ್ಲೋ ಇತ್ತು, ಕೈ ತನಗೆ ಗೊತ್ತಿದ್ದ ಹಾಗೆ ಕಟ್ಟಿತು. ಹೀಗೆ ಕಟ್ಟೋದು ಬುಡ್ಡೀನ ಅಲ್ಲ ಸಾಹೇಬ್ರೇ, ದ್ರಾಕ್ಷಿ ಬಳ್ಳೀನ. ಈ ಮೇಜಿನಲ್ಲಿ ಹಾಗೆ ಕಟ್ಟೋಕೆ ಬರೋರು ಇಬ್ಬರೇ ಇದ್ರು. ಒಬ್ಬರು ಒಳಗೆ ಮಲಗಿದ್ದಾರೆ."

ಯಾರೂ ಲಾಂಡೊನ ಕಡೆ ನೋಡಲಿಲ್ಲ. ಅವನು ತನ್ನ ಎರಡು ಕೈಗಳನ್ನು ತಾನೇ ನೋಡಿಕೊಳ್ಳುತ್ತಿದ್ದ. ಬೇರು ಬಿಟ್ಟಂಥ ಒರಟು ಬೆರಳುಗಳು.

"ಹೊಟ್ಟೆ ಸರಿಯಿಲ್ಲ ಅಂತ ಮೊದಲ ಹನಿಗೆ ಅಂಗೈ ಮುಚ್ಚಿದೆ," ಎಂದರು ಡಾಕ್ಟರಮ್ಮ. "ಯಜಮಾನರು ಕುಡಿದ ಮೇಲೆ ಎರಡು ಲೋಟ ಇಳಿಸಿದೆ. ಅಷ್ಟು ಬೇಗ ವಾಸಿಯಾಗೋ ಹೊಟ್ಟೇನ ನಾನು ಹಸುವಿನಲ್ಲೂ ಕಂಡಿಲ್ಲ."

ಕೊನೆಗೆ ಲಾಂಡೊ ಬಾಯಿಬಿಟ್ಟ. ಅವನ ಮಾತು ಮಿರೆಲ್ಲಳಿಗೆ. "ಆ ಬಳ್ಳಿಗಳನ್ನ ನಮ್ಮಪ್ಪ ನೆಟ್ಟಿದ್ದು ಮಗಳೇ, ನಾನು ಕಟ್ಟಿದ್ದು. ಐವತ್ತೆರಡು ವರ್ಷ. ಒಂದೊಂದರ ಗುಣ ಗೊತ್ತು ನನಗೆ. ಸೋಮವಾರ ಎಲ್ಲಾ ಕಿತ್ತು ಸುಡ್ತೀನಿ ಅಂದ್ರು, ನಿಂತು ನೋಡು ಅಂದ್ರು. ನಿನ್ನನ್ನ ಹಿಡೀತಾರೆ ಅಂತ ನಾನು ಎಣಿಸಿರಲಿಲ್ಲ."

"ಹಿಡಿದ ಮೇಲೆ ಒಂದೂವರೆ ಗಂಟೆ ಸುಮ್ಮನೇ ಕೂತಿದ್ದೆಯಲ್ಲ," ಎಂದಳು ಮಿರೆಲ್ಲ. ಅವಳು ಕೋಟು ಕಳಚಿ ಮಡಿಲಲ್ಲಿಟ್ಟುಕೊಂಡಿದ್ದಳು.

ಅವನು ತಲೆ ತಗ್ಗಿಸಿದ. ನಿಜ ಹೇಳುತ್ತೇನೆ, ಆ ಕ್ಷಣದವರೆಗೂ ನನಗೆ ಅವನ ಮೇಲೆ ಮರುಕವೇ ಇತ್ತು. ಆಗ ಡಾಕ್ಟರಮ್ಮ ತಮ್ಮ ಲೋಟವನ್ನು ಎತ್ತಿ ಅವನ ಮುಂದಿಟ್ಟರು.

"ನಿನ್ನ ಲೋಟ ಮುಚ್ಚಿಕೊಂಡೆ. ಬುಡ್ಡಿ ನನ್ನ ಲೋಟದ ಮೇಲೆ ಬಂತು. ನಾನು ನಿನ್ನ ಪಕ್ಕದಲ್ಲೇ ಇದ್ದೆ ಲಾಂಡೊ. ನಿನ್ನ ಕತ್ತೆಗೆ ಹೆರಿಗೆ ಕಷ್ಟ ಅಂತ ನನ್ನನ್ನ ಹಿಮದಲ್ಲಿ ನಡೆಸಿಕೊಂಡು ಬಂದವನು ನೀನು. ಒಂದು ಕೈ ಚಾಚೋಕೆ ಆಗಲಿಲ್ವಾ?"

ಸತ್ತ ಮುದುಕ ಒರಟಾಗಿ ಬುಡ್ಡಿ ಕಿತ್ತುಕೊಳ್ಳದಿದ್ದರೆ ಆ ದಿನ ಒಳಗೆ ಹೆಣವಾಗಿ ಮಲಗಿರುತ್ತಿದ್ದವರು ಡಾಕ್ಟರಮ್ಮ.

ಐದು ಗಂಟೆಗೆ ಜೀಪು ಹೊರಟಿತು, ಒಳಗೆ ಕೂತವನು ಬೇರೆ. ತೋಟದ ತಿರುವಿನಲ್ಲಿ ಅದು ನಿಂತಿದ್ದನ್ನು ನಾವು ಹಿಂದಿನಿಂದ ವ್ಯಾನಿನಲ್ಲಿ ಬರುತ್ತಾ ಕಂಡೆವು. ಲಾಂಡೊ ಕೇಳಿಕೊಂಡನಂತೆ, ಕುಸುಮಾನೊ ಇಳಿಯಲು ಬಿಟ್ಟಿದ್ದ. ಬುಲ್‌ಡೋಜರ್ ಪಕ್ಕದಲ್ಲಿ ಒಂದು ಬಳ್ಳಿ ಗೂಟದಿಂದ ಜಾರಿ ದಾರಿಗೆ ಬಾಗಿತ್ತು. ಕೋಳ ಹಾಕಿದ ಕೈಗಳಿಂದಲೇ ಅವನು ಅದನ್ನೆತ್ತಿ ಕಟ್ಟಿದ. ಎರಡು ಸುತ್ತು, ಒಂದು ಹುರಿ, ತುದಿ ಒಳಗೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಆ ಬುಲ್‌ಡೋಜರನ್ನು ಸೋಮವಾರ ಮಿರೆಲ್ಲ ವಾಪಸು ಕಳಿಸಿದಳು. ತೋಟದಲ್ಲೇ ಉಳಿದಳು, ಬಳ್ಳಿ ಕಟ್ಟುವುದನ್ನೂ ಕಲಿತಳು. ಮುಂದಿನ ಕೊಯ್ಲಿಗೆ ನನ್ನನ್ನೂ ಡಾಕ್ಟರಮ್ಮನನ್ನೂ ಊಟಕ್ಕೆ ಕರೆದಳು, ಅದೇ ಹಿಪ್ಪುನೇರಳೆ ಮರದ ಕೆಳಗೆ. ಬುಡ್ಡಿ ಬಂತು. ಬಾಯಿಗೆ ಎರಡು ಕಿವಿಯ ಗಂಟು. ಈಗ ಮನೆಯ ಯಜಮಾನಿ ಅವಳೇ ಆದ್ದರಿಂದ ಮೊದಲು ತನ್ನ ಲೋಟಕ್ಕೆ ಬಗ್ಗಿಸಿಕೊಂಡಳು, ಎಣ್ಣೆ ಸಮೇತ. ಲೋಟ ಎತ್ತಿದಳು, ಆದರೆ ತುಟಿಗೆ ಒಯ್ಯಲಿಲ್ಲ. ನಾನು ಡಾಕ್ಟರಮ್ಮನನ್ನು ನೋಡಿದೆ. ಅವರ ಕಣ್ಣು ಬುಡ್ಡಿಯ ಕತ್ತಿನ ಮೇಲಿತ್ತು. ಅಲ್ಲೊಂದು ಕಣಜ ಕೂತು ಎಣ್ಣೆ ನೆಕ್ಕುತ್ತಿತ್ತು. ಸ್ವಲ್ಪ ಹೊತ್ತು ಅದು ಅಲುಗಲಿಲ್ಲ. ಆಮೇಲೆ ರೆಕ್ಕೆ ಬಿಚ್ಚಿ ಹಾರಿ ಹೋಯಿತು.

ಡಾಕ್ಟರಮ್ಮ ತಲೆಯಾಡಿಸಿದರು. ಮಿರೆಲ್ಲ ಕುಡಿದಳು.